ಭದ್ರಾವತಿಗೂ ಶಿವಮೊಗ್ಗಕ್ಕೂ ಯುದ್ಧ

ನಮ್ಮಪ್ಪ ನಮ್ಮನ್ನು ಒಂದು ದಿನವೂ ಹೊಡೆಯಲಿಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಅದು ದೊಡ್ಡ ಮಾತು. ಶಿಫ್ಟು ಬಿಟ್ಟ ಮೇಲೆ ಒಂದಲ್ಲ ಒಂದು ಮನೆಯಿಂದ ಬೆಲ್ಟಿನ ಸದ್ದು, ಅದರ ಹಿಂದೆ ಮಕ್ಕಳ ಕೂಗು ಕೇಳುತ್ತಿತ್ತು. ನಮ್ಮ ಮನೆಯಿಂದ ಮಾತ್ರ ಏನೂ ಕೇಳುತ್ತಿರಲಿಲ್ಲ. ಪಕ್ಕದ ಮನೆಯ ಸೆಲ್ವಿ ಅಕ್ಕ, ಸೇಲಂ ಕಡೆಯಿಂದ ಮದುವೆಯಾಗಿ ಬಂದವರು, ಕಾಂಪೌಂಡಿನ ಮೇಲೆ ಮೊಣಕೈ ಊರಿಕೊಂಡು ಅಮ್ಮನಿಗೆ ಹೇಳುತ್ತಿದ್ದರು:

"ನಿಮ್ಮ ಯಜಮಾನ್ರು ದೇವರು ಕಣ್ರೀ. ಕುಡಿಯಲ್ಲ, ಹೊಡೆಯಲ್ಲ, ಭಾನುವಾರ ಆದ್ರೆ ಮಕ್ಕಳ ಜೊತೆ ನೆಲದ ಮೇಲೆ ಕೂತು ಆಟ ಆಡ್ತಾರೆ. ಯಾರಿಗುಂಟು ಇಂಥ ಭಾಗ್ಯ!"

ಅಮ್ಮ ಬಟ್ಟೆ ಹಿಂಡುತ್ತ "ಹೂಂ" ಅನ್ನುತ್ತಿದ್ದಳು. ಅಷ್ಟೇ. ಆ "ಹೂಂ" ಒಳಗೆ ಏನಿತ್ತು ಅಂತ ಸೆಲ್ವಿ ಅಕ್ಕ ಯಾವತ್ತೂ ಕೇಳಲಿಲ್ಲ.

ಮನೆ ಅಂದರೆ ಒಂದು ನಡುಮನೆ, ಒಂದು ಮಲಗುವ ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು ಇದ್ದ ಸಣ್ಣ ಹಿತ್ತಲು. ನಡುಮನೆಯ ಸಿಮೆಂಟು ನೆಲಕ್ಕೆ ಅಮ್ಮ ದಿನಾ ಒದ್ದೆ ಬಟ್ಟೆ ಎಳೆದು ಎಳೆದು ಅದು ಆಮೆಯ ಬೆನ್ನಿನ ಹಾಗೆ ಹೊಳೆಯುತ್ತಿತ್ತು. ಆ ನೆಲದ ಮೇಲೆ ನಾನು, ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಮಂಜು, ನಮ್ಮಿಬ್ಬರ ಮಧ್ಯೆ ಅಂಪೈರಾಗಿ ಅಪ್ಪ, ಹೀಗೆ ಮೂವರೂ ಪ್ರತಿ ಭಾನುವಾರ ಯುದ್ಧಕ್ಕೆ ಕೂರುತ್ತಿದ್ದೆವು. ಅಪ್ಪ ಫೌಂಡ್ರಿಯಲ್ಲಿ ಮೋಲ್ಡರ್. ಮರಳಿನಲ್ಲಿ ಅಚ್ಚು ಮಾಡುವುದು, ಅದಕ್ಕೆ ಕರಗಿದ ಲೋಹ ಹೊಯ್ಯುವುದು ಅವನ ಕೆಲಸ. ಹಿಂದೆ ಅಲ್ಲಿ ಒಬ್ಬ ಇಂಜಿನಿಯರ್ ಇದ್ದರಂತೆ, ಕಲ್ಕತ್ತದವರು. ಅವರ ಬಂಗಲೆಯಲ್ಲಿ ದೊಡ್ಡ ಮೇಜಿನ ತುಂಬ ಬೆರಳುದ್ದದ ಸೈನಿಕರು. ಮುರಿದುಹೋದ ಸೈನಿಕರನ್ನು ಹೊಸದಾಗಿ ಎರಕ ಹೊಯ್ದು ಕೊಡಲು ಅಪ್ಪ ಅಲ್ಲಿಗೆ ಹೋಗುತ್ತಿದ್ದ, ಹೋದವನು ನಿಂತು ಅವರು ಆಡುತ್ತಿದ್ದ ಯುದ್ಧದ ಆಟ ನೋಡಿ ಕಲಿತ. ಅವರಿಗೆ ವರ್ಗವಾದಾಗ ಒಂದು ಪ್ಲಾಸ್ಟರಿನ ಅಚ್ಚನ್ನು ಅಪ್ಪನಿಗೆ ಕೊಟ್ಟು ಹೋದರು. ಅದರಲ್ಲಿ ಕೋವಿ ಹಿಡಿದು ನಿಂತ ಒಬ್ಬ ಸೈನಿಕ ಮೂಡುತ್ತಿದ್ದ. ಅಪ್ಪ ಗುಜರಿ ಅಂಗಡಿಯಿಂದ ಹಳೇ ಬ್ಯಾಟರಿಯ ಸೀಸ ತಂದು, ಹಿತ್ತಲಲ್ಲಿ ಪಂಪ್ ಸ್ಟೋವ್ ಹಚ್ಚಿ, ಕಬ್ಬಿಣದ ಸೌಟಿನಲ್ಲಿ ಕರಗಿಸಿ ನಮಗೆ ಎರಡು ಸೈನ್ಯ ಹೊಯ್ದುಕೊಟ್ಟ. ಮಂಜುವಿನವರಿಗೆ ಹಸಿರು ಪೇಂಟಿನ ಟೋಪಿ. ನನ್ನವರಿಗೆ ಪೇಂಟು ಸಾಲದೆ ಅಮ್ಮನ ನೈಲ್ ಪಾಲಿಶ್ ಹಚ್ಚಿದೆವು. ಅಮ್ಮ ಅದನ್ನು ಮದುವೆಯಲ್ಲಿ ಬಿಟ್ಟರೆ ಮತ್ತೆ ಹಚ್ಚಿಕೊಂಡೇ ಇರಲಿಲ್ಲ.

ಮೊದಮೊದಲು ಅದು ಆಟವೇ. ಅಮ್ಮನ ರಾಗಿ ಅಳೆಯುವ ಸೇರು ಬೋರಲು ಹಾಕಿದರೆ ಕೋಟೆ, ಮಡಚಿದ ಟವೆಲ್ಲು ಗುಡ್ಡ, ನೀಲಿ ಸೀರೆಯ ಹರಿದ ಅಂಚು ಭದ್ರಾ ಹೊಳೆ, ಅದರ ಮೇಲೆ ಅಡ್ಡ ಇಟ್ಟ ಸ್ಕೇಲು ಸೇತುವೆ. ಪೊರಕೆ ಕಡ್ಡಿಯೊಂದನ್ನು ಮುರಿದು ಅದರ ಉದ್ದಕ್ಕೆ ಒಬ್ಬ ಸೈನಿಕ ಒಂದು ಸಲ ನಡೆಯಬಹುದು ಅಂತ ಲೆಕ್ಕ. ದಾಳ ಹಾಕಿದರೆ ಗುಂಡು ತಗುಲಿತೋ ಇಲ್ಲವೋ ಗೊತ್ತಾಗುತ್ತಿತ್ತು. ಒಂದು ವಾರ ನಾನು ಗೆದ್ದರೆ ಇನ್ನೊಂದು ವಾರ ಮಂಜು. ಸತ್ತವರನ್ನೆಲ್ಲ ಬೂಟಿನ ಡಬ್ಬಿಗೆ ತುಂಬಿ ಇಟ್ಟರೆ ಮುಂದಿನ ಭಾನುವಾರ ಎಲ್ಲರೂ ಎದ್ದು ಬರುತ್ತಿದ್ದರು. ನಾನು ನನ್ನವರಿಗೆ ಹೆಸರಿಟ್ಟಿದ್ದೆ. ಕೆಂಚ, ದೊಡ್ಡಣ್ಣ, ಕೋವಿ ಸ್ವಲ್ಪ ಬಾಗಿದ್ದ ಸೊಟ್ಟಪ್ಪ. ಸೋತಾಗ ನಾನು ನಗುತ್ತಿದ್ದೆ. ಆ ನಗು ಅಪ್ಪನಿಗೆ ಹಿಡಿಸಲಿಲ್ಲ ಅಂತ ಕಾಣುತ್ತೆ.

ಆ ವರ್ಷಗಳಲ್ಲಿ ಫೌಂಡ್ರಿಗೆ ಕೆಲಸ ಕಮ್ಮಿಯಾಗಿತ್ತು. ಅಪ್ಪ ಕೈಗೆ ಮಸಿ ಅಂಟದೆ ಮನೆಗೆ ಬರುವ ದಿನಗಳು ಜಾಸ್ತಿಯಾಗಿದ್ದವು. ಆ ಸ್ವಚ್ಛ ಕೈಗಳನ್ನು ಅವನು ಸೋಪು ಹಾಕಿ ಇನ್ನೂ ತೊಳೆಯುತ್ತಿದ್ದ. ಒಂದು ಭಾನುವಾರ, ನಾನು ಸೋತು ನಗುತ್ತ ಕೆಂಚನನ್ನು ಡಬ್ಬಿಗೆ ಹಾಕುವಾಗ, ಅಪ್ಪ ನನ್ನ ಕೈ ಹಿಡಿದ.

"ಇದು ಯುದ್ಧ ಅಲ್ಲ, ಚೌಕಾಬಾರ," ಅಂದ. "ಸತ್ತವನು ಮುಂದಿನ ವಾರ ಎದ್ದು ಬರೋದಾದ್ರೆ ಯಾವನು ಹೆದರ್ತಾನೆ ಮಾರಾಯ್ತಿ?"

ಮುಂದಿನ ವಾರ ಅವನು ಒಂದು ಪ್ಲೈವುಡ್ ಹಲಗೆ ತಂದ. ಅದಕ್ಕೆ ಡ್ರಾಯಿಂಗ್ ಶೀಟ್ ಅಂಟಿಸಿ, ನಕ್ಷೆ ಬರೆದಿದ್ದ. ಎಷ್ಟು ಚಂದದ ನಕ್ಷೆ ಅಂದರೆ ನಾವಿಬ್ಬರೂ ಅದರ ಮೇಲೆ ಬಗ್ಗಿ ಉಸಿರಾಡುವುದನ್ನೂ ಮರೆತೆವು. ಒಂದು ತುದಿಗೆ ಭದ್ರಾವತಿ, ಅದು ನನ್ನದು. ಇನ್ನೊಂದು ತುದಿಗೆ ಶಿವಮೊಗ್ಗ, ಅದು ಮಂಜುವಿನದು. ಅವೆರಡರ ಸುತ್ತಮುತ್ತ ಶಂಕರಘಟ್ಟ, ಕೂಡ್ಲಿ, ನವುಲೆ, ಸವಳಂಗ ರಸ್ತೆ, ಇನ್ನೂ ಕೆಲವು ಊರು. ನೀಲಿ ಇಂಕಿನ ತುಂಗೆ, ನೀಲಿ ಇಂಕಿನ ಭದ್ರೆ. ಇನ್ನು ಮೇಲೆ ಒಂದೊಂದು ವಾರದ ಕಾಳಗ ಒಂದೊಂದು ಊರಿಗಾಗಿ ಅಂತ ಅಪ್ಪ ವಿವರಿಸಿದ. ಪಕ್ಕದ ಊರಿನ ಮೇಲೆ ಮಾತ್ರ ದಂಡೆತ್ತಿ ಹೋಗಬಹುದು. ಗೆದ್ದವರಿಗೆ ಆ ಊರು. ಓಡಿಹೋದ ಸೈನಿಕ ವಾಪಸ್ಸು ಬರುತ್ತಾನೆ, ಸತ್ತವನು ಬರುವುದಿಲ್ಲ. ಆ ವಾರ ಗೆದ್ದವರಿಗೆ ಮಾತ್ರ ಕೈಯಲ್ಲಿರುವ ಒಂದೊಂದು ಊರಿಗೂ ಒಬ್ಬ ಹೊಸ ಸೈನಿಕ. ಆ ಹೊಸಬನಿಗೆ ಸೀಸ ಎಲ್ಲಿಂದ ಬರಬೇಕು ಅಂತ ಮಂಜು ಕೇಳಿದ.

"ಸತ್ತವರಿಂದ," ಅಂದ ಅಪ್ಪ.

ಮೊದಲ ಕಾಳಗ ಕೂಡ್ಲಿಯದು. ನಾನು ಸೇತುವೆ ಕಾಯುವುದನ್ನು ಬಿಟ್ಟು ಗುಡ್ಡ ಹತ್ತಿಸಿದೆ, ಸೋತೆ. ಅಪ್ಪ ಸತ್ತ ನನ್ನವರನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಮಲಗಿಸಿಕೊಂಡು ಹಿತ್ತಲಿಗೆ ನಡೆದ. ನಾವೂ ಹೋಗಬೇಕು, ಅದು ನಿಯಮ. ಸ್ಟೋವ್ ಭೋರ್ ಅನ್ನುತ್ತಿತ್ತು. ಅಪ್ಪ ಒಬ್ಬೊಬ್ಬನನ್ನೇ ಎತ್ತಿ ನನಗೆ ತೋರಿಸಿ, "ಇವನ ಹೆಸರೇನು?" ಅಂತ ಕೇಳುತ್ತಿದ್ದ. ನಾನು ಹೇಳಬೇಕು. ಹೇಳಿದ ಮೇಲೆ ಸೌಟಿಗೆ. ಮೊದಲು ನೈಲ್ ಪಾಲಿಶ್ ಸುಟ್ಟು ಕಮಟು ವಾಸನೆ ಏಳುತ್ತಿತ್ತು. ಆಮೇಲೆ ಕಾಲು ಕುಸಿದು, ಸೊಂಟ ಕುಸಿದು, ಕೊನೆಗೆ ಕೋವಿಯ ತುದಿ ಮಾತ್ರ ಒಂದು ಚಣ ಮೇಲೆ ನಿಂತು, ಅದೂ ಬೆಳ್ಳಗೆ ಹೊಳೆಯುವ ನೀರಿನೊಳಗೆ ಹೋಗಿಬಿಡುತ್ತಿತ್ತು. ಅಪ್ಪ ಅದನ್ನು ಅಚ್ಚಿಗೆ ಹೊಯ್ದು, ತಣ್ಣಗಾದ ಮೇಲೆ ಬಿಡಿಸಿ, ಮಂಜುವಿನ ಅಂಗೈಗೆ ಇಟ್ಟ.

"ತಗೋ. ಹಸಿರು ಹಚ್ಚು."

ಕೆಂಚ ಹೀಗೆ ಶಿವಮೊಗ್ಗದವನಾದ.

ಒಂದು ಸಲ ಸೋತರೆ ಮುಂದಿನದ್ದೂ ಸೋಲೇ, ಅದೇ ಈ ಲೆಕ್ಕದ ಗುಟ್ಟು. ಮಂಜುವಿಗೆ ಊರು ಜಾಸ್ತಿ, ಆದ್ದರಿಂದ ಸೈನಿಕರು ಜಾಸ್ತಿ, ಆದ್ದರಿಂದ ಇನ್ನೂ ಒಂದು ಊರು. ನನ್ನವರು ಕರಗಿ ಅವನವರಾಗುತ್ತಿದ್ದರು. ಅಪ್ಪ ಅದನ್ನು ಊಟಕ್ಕೂ ತಂದ. ಭಾನುವಾರ ನಮ್ಮಲ್ಲಿ ಕೋಳಿ ಸಾರು, ಅಕ್ಕಿ ರೊಟ್ಟಿ. ಊರು ಜಾಸ್ತಿ ಇರುವವರು ನಡುಮನೆಯಲ್ಲಿ ಅಪ್ಪನ ಪಕ್ಕ ಕೂತು ಮೊದಲು ಉಣ್ಣಬೇಕು, ಕೋಳಿಯ ಕಾಲು ಅವರಿಗೆ. ಇನ್ನೊಬ್ಬರು ಅವರಿಬ್ಬರಿಗೆ ನೀರು ಕೊಟ್ಟು, ಎಂಜಲು ಬಳಿದು, ಆಮೇಲೆ ಅಡುಗೆಮನೆಯಲ್ಲಿ ಅಮ್ಮನ ಜೊತೆ. ಮೊದಲ ಭಾನುವಾರ ಮಂಜು ಕಾಲನ್ನು ಕಚ್ಚುವ ಮೊದಲು ನನ್ನ ಕಡೆ ನೋಡಿದ್ದ. ಕೆಲವು ವಾರಗಳಲ್ಲಿ ನೋಡದೆಯೇ ಕಚ್ಚುವುದನ್ನು ಕಲಿತ. "ಏ, ನೀರು," ಅನ್ನುವುದನ್ನೂ ಕಲಿತ. ನಾನು ಒಂದು ದಿನ ಅಳು ನುಂಗಿಕೊಂಡು ಅಪ್ಪನನ್ನು ಕೇಳಿದೆ:

"ಅಪ್ಪಾ, ಸೋತವರಿಗೂ ಒಬ್ಬ ಸೈನಿಕ ಸಿಗೋ ಹಾಗೆ ರೂಲ್ ಮಾಡಬಹುದಾ?"

"ಯುದ್ಧ ಶುರುವಾದ ಮೇಲೆ ರೂಲ್ ಬದಲಾಗಲ್ಲ," ಅಂದ. ದನಿ ಏರಿಸಲಿಲ್ಲ. ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ.

ಅಮ್ಮ ಒಳಗಿನಿಂದ, "ಆಟ ತಾನೇ ರೀ, ಮಗು ಕೇಳ್ತಾ ಇದೆ," ಅಂದಳು.

"ಆಟ ತಾನೇ. ಮತ್ತೆ ನೀನ್ಯಾಕೆ ಅಳ್ತಿದ್ದೀಯ?" ಅಂತ ಅಪ್ಪ ನಕ್ಕ. ಅಮ್ಮ ಅಳುತ್ತಿರಲಿಲ್ಲ. ಆ ಮಾತು ಕೇಳಿದ ಮೇಲೆ ಅತ್ತಳು.

ನನ್ನ ಕೈಯಲ್ಲಿ ಭದ್ರಾವತಿ ಮತ್ತು ಶಂಕರಘಟ್ಟ ಮಾತ್ರ ಉಳಿದ ವಾರ ಅಪ್ಪ ಹೊಸ ಸುದ್ದಿ ಕೊಟ್ಟ. ಗೆದ್ದವರ ಎದುರು ಆಮೇಲೆ ಅವನೇ ಆಡುತ್ತಾನಂತೆ. ಮಂಜುವಿನ ಮುಖ ಇಳಿಯಿತು. ಮಾರನೇ ದಿನ ಸ್ಕೂಲಿನಿಂದ ಬರುವಾಗ ಅವನು ನನ್ನ ಬ್ಯಾಗನ್ನೂ ತಾನೇ ಹೊತ್ತುಕೊಂಡ. ಎಷ್ಟೋ ತಿಂಗಳಿನಿಂದ ಹಾಗೆ ಮಾಡಿರಲಿಲ್ಲ.

"ಜಯಾ, ಇನ್ನು ಎರಡು ಊರು ಹೋದ್ರೆ ನೀನು ಮುಗೀತೀಯ," ಅಂದ.

"ಮುಗೀಲಿ ಬಿಡು."

"ಆಮೇಲೆ ಅಪ್ಪನ ಎದುರು ನಾನೊಬ್ಬನೇ ಕಣೇ." ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೇಳಿದ: "ನಾನು ನಿನ್ನ ಮೇಲೆ ಬರಲ್ಲ. ನೀನೂ ನನ್ನ ಮೇಲೆ ಬರಬೇಡ. ಇಬ್ಬರೂ ಇದ್ದಲ್ಲೇ ಇರೋಣ. ಏನ್ ಮಾಡ್ತಾನೆ ನೋಡೋಣ."

ಅವನು ನನ್ನ ಮೇಲಿನ ಕರುಣೆಯಿಂದ ಹಾಗಂದನೋ, ಅಪ್ಪನ ಭಯದಿಂದಲೋ ಅಂತ ನಾನು ಯೋಚಿಸಲಿಲ್ಲ. ನನ್ನ ಬ್ಯಾಗು ಅವನ ಹೆಗಲ ಮೇಲಿತ್ತು. ನನಗೆ ಅಷ್ಟು ಸಾಕಾಗಿತ್ತು.

ಭಾನುವಾರ ಬಂತು. ಅಪ್ಪ ನಕ್ಷೆ ಹಾಸಿ, "ಯಾವ ಊರು?" ಅಂದ. ಮಂಜು, "ನನ್ನ ಸೈನ್ಯ ಇರೋ ಕಡೇನೇ ಇರುತ್ತೆ," ಅಂದ. ನಾನು, "ನಂದೂ," ಅಂದೆ. ಅಪ್ಪ ಇಬ್ಬರನ್ನೂ ನಿಧಾನವಾಗಿ ನೋಡಿದ. ಸಿಟ್ಟು ಮಾಡುತ್ತಾನೆ ಅಂದುಕೊಂಡಿದ್ದೆ. ಅವನಿಗೆ ಸಿಟ್ಟೇ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಸರಿ. ನಿಂತಲ್ಲೇ ನಿಂತ ಸೈನ್ಯಕ್ಕೆ ಊಟ ಯಾರು ಕೊಡ್ತಾರೆ? ಹಸಿವಿನಿಂದ ಸಾಯ್ತಾರೆ. ಹೊಸಬರು ಯಾರೂ ಸೇರಲ್ಲ. ಈ ವಾರ ಮಂಜು ಕಡೆ ಇಬ್ಬರು, ಜಯಾ ಕಡೆ ಒಬ್ಬ. ಯಾರನ್ನ ಕೊಡ್ತೀರೋ ನೀವೇ ಆರಿಸಿ."

ಬಾಗಿಲಲ್ಲಿ ನಿಂತಿದ್ದ ಅಮ್ಮ ಅವತ್ತು ಸುಮ್ಮನಿರಲಿಲ್ಲ.

"ರೂಲ್ ಬದಲಾಗಲ್ಲ ಅಂದಿದ್ರಿ."

"ಇದು ರೂಲ್ ಅಲ್ಲ," ಅಂದ ಅಪ್ಪ. "ಹಸಿವು."

ಹೀಗೆ ವಾರ ವಾರ ನಾವೇ ಆರಿಸಿ ಕೊಟ್ಟೆವು, ಅವನು ಕರಗಿಸಿದ. ಆ ಸೀಸ ಯಾರಿಗೂ ಸೈನಿಕನಾಗಿ ಬರಲಿಲ್ಲ. ಒಂದು ಡಾಲ್ಡಾ ಡಬ್ಬಿಯ ತಳದಲ್ಲಿ ಗಟ್ಟಿಯಾಗುತ್ತ ಹೋಯಿತು. ಇಬ್ಬರೂ ಗೆಲ್ಲುತ್ತಿಲ್ಲವಾದ್ದರಿಂದ ಇಬ್ಬರಿಗೂ ನಡುಮನೆಯ ಊಟ ಇಲ್ಲ ಅಂತ ಅಪ್ಪ ತೀರ್ಪು ಕೊಟ್ಟ. ಅವನೊಬ್ಬನೇ ನಡುಮನೆಯಲ್ಲಿ ಕೂತು ಉಂಡು ಎದ್ದ ಮೇಲೆ ನಾವು ಅಡುಗೆಮನೆಯಲ್ಲಿ ಅಮ್ಮನ ಎರಡೂ ಪಕ್ಕ ಕೂರುತ್ತಿದ್ದೆವು. ನನ್ನ ಬಾಲ್ಯದಲ್ಲಿ ಸುಖ ಅಂತ ಒಂದಿದ್ದರೆ ಅದು ಆ ಕೆಲವು ಭಾನುವಾರಗಳು. ಅಮ್ಮ ಅಪ್ಪನಿಗೆ ಕಾಣದ ಹಾಗೆ ಒಂದು ಕಾಲನ್ನು ಸಾರಿನ ತಳಕ್ಕೆ ಅದುಮಿಟ್ಟಿರುತ್ತಿದ್ದಳು. ಮಂಜು ಅದನ್ನು ಕೈಯಲ್ಲಿ ಎರಡು ಭಾಗ ಮಾಡಿ ದೊಡ್ಡ ತುಂಡು ನನಗೆ ಕೊಡುತ್ತಿದ್ದ. ಬಿಸಿ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ ಬೀಳುತ್ತಿತ್ತು. ಒಲೆಯ ಮುಂದೆ ಅಮ್ಮ ಬೆವರು ಒರೆಸಿಕೊಳ್ಳುತ್ತ ತನ್ನ ತವರಿನ ಯಾವುದೋ ಎಮ್ಮೆಯ ಕಥೆ ಹೇಳುತ್ತಿದ್ದಳು. ಎಮ್ಮೆ ಪುರೋಹಿತರ ಪಂಚೆ ತಿಂದದ್ದು. ನಾವು ಸದ್ದಾಗದ ಹಾಗೆ ಬಾಯಿಗೆ ಅಮ್ಮನ ಸೆರಗು ಒತ್ತಿಕೊಂಡು ನಗುತ್ತಿದ್ದೆವು. ಅಮ್ಮ ಅಷ್ಟು ನಗುತ್ತಾಳೆ ಅನ್ನುವುದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ನಮ್ಮ ಸೈನ್ಯಗಳು ಸಾಯುತ್ತಿದ್ದವು, ನಿಜ. ಸಾಯಲಿ ಅನ್ನಿಸುತ್ತಿತ್ತು. ಎಲ್ಲರೂ ಕರಗಿ ಮುಗಿದರೆ ಅಪ್ಪ ಏನು ಮಾಡಬಲ್ಲ?

ಅಪ್ಪನಿಗೂ ಅದು ಹೊಳೆದಿರಬೇಕು. ಒಂದು ಶನಿವಾರ ಅವನು ಮಂಜುವನ್ನು ಮಾತ್ರ ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದ. ಚಪ್ಪಲಿ ತರಬೇಕು ಅಂದ. ಸಂಜೆ ವಾಪಸ್ಸು ಬಂದಾಗ ಮಂಜುವಿನ ಕಾಲಲ್ಲಿ ಹೊಸ ಚಪ್ಪಲಿ ಇತ್ತು, ಬೆರಳಲ್ಲಿ ತುಪ್ಪದ ವಾಸನೆ ಇತ್ತು. ಸವಳಂಗ ರಸ್ತೆಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರಂತೆ, ಅಪ್ಪ ಅವನಿಗೆ ಎರಡು ಕೊಡಿಸಿದನಂತೆ. ಅದನ್ನೂ ಮಂಜು ಹೇಳಲಿಲ್ಲ, ಅಪ್ಪ ಹೇಳಿದ. ಮಂಜು ಚಪ್ಪಲಿ ಬಿಚ್ಚದೆ ಮಂಚದ ಮೇಲೆ ಕೂತಿದ್ದ. ಬಸ್ಸಿನಲ್ಲಿ ಅಪ್ಪ ಅವನಿಗೆ ಏನು ಹೇಳಿದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ಏನೂ ಹೇಳಿರಲಿಕ್ಕಿಲ್ಲ. ಹೆಗಲ ಮೇಲೆ ಕೈ ಹಾಕಿದ್ದರೂ ಸಾಕಿತ್ತು. ಆ ಕೈಗಾಗಿ ನಾವಿಬ್ಬರೂ ಏನು ಬೇಕಾದರೂ ಮಾಡುವವರಾಗಿದ್ದೆವು.

ಮಾರನೇ ದಿನ ಅಪ್ಪ ನಕ್ಷೆ ಹಾಸಿ ಎಂದಿನಂತೆ ಕೇಳಿದ. ನಾನು ಮೊದಲೇ, "ಇದ್ದಲ್ಲೇ," ಅಂದುಬಿಟ್ಟೆ. ಮಂಜು ನಕ್ಷೆಯನ್ನೇ ನೋಡುತ್ತ ಹೇಳಿದ:

"ಭದ್ರಾವತಿ ಮೇಲೆ ಹೋಗ್ತೀನಿ."

ನನಗೆ ಕೇಳಿಸಿತು, ಆದರೆ ಅರ್ಥವಾಗಲಿಲ್ಲ. "ಅಣ್ಣಾ?" ಅಂದೆ. ಅವನು ದಾಳ ಕೈಗೆ ತಗೊಂಡ. ನಾನು ಸೇತುವೆಗೆ ಒಬ್ಬನನ್ನೂ ಇಟ್ಟಿರಲಿಲ್ಲ. ಯಾಕೆ ಇಡಬೇಕಿತ್ತು? ಹಸಿರು ಟೋಪಿಗಳು ಸ್ಕೇಲಿನ ಮೇಲೆ ಒಂದರ ಹಿಂದೆ ಒಂದು ದಾಟಿ ಬಂದವು. ಸೇರಿನ ಕೋಟೆಯ ಮುಂದೆ ಉಳಿದಿದ್ದವನು ಸೊಟ್ಟಪ್ಪನೊಬ್ಬ. ಮಂಜು ದಾಳ ಹಾಕಿದ, ಬೇಕಾದ ಗರವೇ ಬಿತ್ತು. ಕಾಯುವವರಿಲ್ಲದ ಶಂಕರಘಟ್ಟವೂ ಅದರ ಜೊತೆಗೇ ಹೋಯಿತು. ಹಿತ್ತಲಲ್ಲಿ ಅಪ್ಪ ಅವತ್ತು ಸೌಟನ್ನು ತಾನು ಹಿಡಿಯಲಿಲ್ಲ. ಮಂಜುವಿಗೆ ಕೊಟ್ಟ. "ಗೆದ್ದವನು ನೀನು. ನೀನೇ ಹಾಕು," ಅಂದ. ಮಂಜು ಹಾಕಿದ. ಹೆಸರು ಕೇಳಲಿಲ್ಲ, ಅವನಿಗೆ ಗೊತ್ತಿತ್ತು. ಅಪ್ಪ ಅವನ ತಲೆ ಸವರಿ, ಕಾಂಪೌಂಡಿನ ಆಚೆ ಇದ್ದ ಸೆಲ್ವಿ ಅಕ್ಕನಿಗೆ ಕೇಳುವ ಹಾಗೆ, "ನೋಡಿ, ಇವನು ಗಂಡಸು," ಅಂದ. ಮಂಜು ನಕ್ಕ. ನಾನು ಆ ನಗುವನ್ನು ನೋಡಿದೆ. ಅದರಲ್ಲಿ ನಾಚಿಕೆ ಇರಲಿಲ್ಲ, ಬರೀ ಸಂತೋಷ ಇತ್ತು.

ಮಂಜು ಈಗ ನವುಲೆಯಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ಒಳ್ಳೆಯ ಮನುಷ್ಯ. ಎದುರುಮನೆಯವರು ಕಾರು ಅಡ್ಡ ನಿಲ್ಲಿಸಿದರೂ ಕೇಳಲು ಹೋಗುವುದಿಲ್ಲ ಅಂತ ಅತ್ತಿಗೆ ಬೈಯುತ್ತಿರುತ್ತಾಳೆ. ನಾನು ಅಲ್ಲೇ ಶಿವಮೊಗ್ಗದಲ್ಲಿ ವಕೀಲಿ ಮಾಡುತ್ತೇನೆ. ನನ್ನ ಬಳಿ ಬರುವವರು ಬಹಳ ಮಟ್ಟಿಗೆ ಅಣ್ಣತಮ್ಮಂದಿರ ಆಸ್ತಿ ಜಗಳದವರು. ರಾಜಿ ಬೇಡ ಅನ್ನುವವರನ್ನೇ ಬೇರೆ ವಕೀಲರು ನನ್ನ ಕಡೆ ಕಳಿಸುತ್ತಾರೆ. ಅಪ್ಪ ವಯಸ್ಸಾದ ಮೇಲೆ ಮೊಮ್ಮಕ್ಕಳಿಗೆ ಬಲು ಇಷ್ಟದ ಅಜ್ಜನಾಗಿದ್ದ. ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ತೋರಿಸಲು ಹೋಗುತ್ತಿದ್ದ. ತೀರಿಕೊಂಡಾಗ ಹಳೇ ಕ್ವಾರ್ಟರ್ಸಿನವರೆಲ್ಲ ಬಂದು ಅವನ ಒಳ್ಳೆಯತನ ಹೇಳಿಕೊಂಡು ಅತ್ತರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಸೊಟ್ಟಪ್ಪ ಕರಗಿದ ಮುಂದಿನ ಭಾನುವಾರ ಅಪ್ಪ ನಕ್ಷೆಯ ಮುಂದೆ ನನ್ನ ಜಾಗದಲ್ಲಿ ಕೂತ. ಡಾಲ್ಡಾ ಡಬ್ಬಿಯ ಸೀಸವನ್ನೆಲ್ಲ ವಾರವಿಡೀ ಹೊಯ್ದು ತನಗೊಂದು ಸೈನ್ಯ ಮಾಡಿಕೊಂಡಿದ್ದ. ಬಣ್ಣ ಹಚ್ಚಿರಲಿಲ್ಲ, ಎಲ್ಲರೂ ಬರೀ ಸೀಸದ ಬಣ್ಣದವರು. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ವಾರಕ್ಕೊಂದು ಊರು ಅನ್ನುವ ಮಾತೂ ಅವತ್ತು ಇರಲಿಲ್ಲ. ಊಟದ ಹೊತ್ತಿಗೆ ಮಂಜುವಿನ ಊರುಗಳೆಲ್ಲ ಹೋಗಿ ಶಿವಮೊಗ್ಗವೂ ಮುಗಿಯಿತು. ಅಪ್ಪ ಎಲ್ಲೂ ಅವಸರ ಮಾಡಲಿಲ್ಲ, ಎಲ್ಲೂ ಬಿಟ್ಟುಕೊಡಲೂ ಇಲ್ಲ. ಮಂಜು ಬೆವರುತ್ತಿದ್ದ, ಕೊನೆಗೆ ದಾಳ ಹಾಕುವುದನ್ನೂ ನಿಲ್ಲಿಸಿದ. ಅಪ್ಪ ಮಂಡಿ ಹಿಡಿದು ಎದ್ದು ನಿಂತು, ಪಾಠ ಹೇಳುವವನ ಹಾಗೆ ಸಮಾಧಾನವಾಗಿ ಕೇಳಿದ:

"ಅವಳನ್ನ ಜೊತೆಗೆ ಇಟ್ಕೊಂಡಿದ್ರೆ ಇಬ್ಬರೂ ಸೇರಿ ನನ್ನನ್ನ ಸೋಲಿಸಬಹುದಿತ್ತು ಅಲ್ವೇನೋ ಮಂಜಾ? ಎರಡು ದೋಸೆಗೆ ತಂಗೀನ ಮಾರಿದೆಯಲ್ಲೋ ಮಾರಾಯ."

ಮಂಜುವಿನ ಗಂಟಲಿನಿಂದ ಒಂದು ಸದ್ದು ಬಂತು, ಅಳುವೂ ಅಲ್ಲ, ಮಾತೂ ಅಲ್ಲ. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವನನ್ನು ಎಬ್ಬಿಸಿ ಅಡುಗೆಮನೆಗೆ ಕರೆದುಕೊಂಡು ಹೋದಳು. ಅಪ್ಪ ಕೈ ತೊಳೆದು ಬಂದು ನಡುಮನೆಯಲ್ಲಿ ಕೂತ. ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದ.

"ಏ ಜಯಾ, ಬಾ. ಇಲ್ಲಿ ಕೂತ್ಕೋ."

ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಒಲೆಯ ಪಕ್ಕ ಕೂತಿದ್ದ ಮಂಜು ತಲೆ ಎತ್ತಿ ನನ್ನನ್ನು ನೋಡಿದ. ಅವನ ಬಲಗಡೆ, ಅಮ್ಮನ ಆಚೆ ಪಕ್ಕದಲ್ಲಿ, ನನ್ನ ಮಣೆ ಖಾಲಿ ಇತ್ತು. ಅಮ್ಮನೂ ನೋಡಿದಳು, ಕಣ್ಣಲ್ಲೇ ಒಳಗೆ ಬಾ ಅಂದಳು. ನಾನು ಹೋಗಿ ಅಪ್ಪನ ಪಕ್ಕ ಕೂತೆ. ಅಮ್ಮ ಬಂದು, ಮುಖ ನೋಡದೆ ನನಗೆ ಬಡಿಸಿದಳು. ಕೋಳಿಯ ಕಾಲು ನನ್ನ ತಟ್ಟೆಗೆ ಬಿತ್ತು. ಒಳಗಿನಿಂದ ಮಂಜು ಬಿಕ್ಕುವುದು, ಅಮ್ಮ, "ತಿನ್ನು ಮಗಾ, ಒಂದು ತುತ್ತು ತಿನ್ನು," ಅನ್ನುವುದು ಕೇಳುತ್ತಿತ್ತು. ಅಪ್ಪ ನನ್ನ ಕಡೆ ವಾಲಿ, ಎಂದೂ ಕೇಳದಷ್ಟು ಅಕ್ಕರೆಯಿಂದ ಕೇಳಿದ:

"ಇನ್ನೊಂದು ರೊಟ್ಟಿ ಬೇಕೇನೇ?"

"ಬೇಕಪ್ಪ," ಅಂದೆ. ನನಗೆ ನಿಜವಾಗಿಯೂ ಹಸಿವಾಗಿತ್ತು. ಅಡುಗೆಮನೆಯ ಕಡೆ ತಿರುಗಿ, ಗಟ್ಟಿಯಾಗಿ, ಹೆಸರು ಹಿಡಿಯದೆ ಕೂಗಿದೆ:

"ಏ, ನೀರು."

ಮಂಜು ಎದ್ದು ತಂದುಕೊಟ್ಟ.